ಆಸ್ಪ್ ಎಕ್ಸ್‌ಪ್ಲೋರರ್‌ನಲ್ಲಿ ಸುತ್ತಾಟ, ಗಣಿ ಕೆಲಸ ಎರಡೂ: ಕೊಲೋನಿಯಾಕ್ಕೆ ಹೊರಟಿದ್ದೇನೆ, ಏನೇನು ಜೋಡಿಸಲಿ?

ಹೊಸಪಯಣಿಗ:

ಎಲ್ಲರಿಗೂ ನಮಸ್ಕಾರ. ಎಲೀಟ್ ಡೇಂಜರಸ್ ಎಂಬ ಬಾಹ್ಯಾಕಾಶ ಆಟ ಆಡಲು ಶುರು ಮಾಡಿ ಐದು ತಿಂಗಳಾಯಿತು. ಇಷ್ಟು ದಿನ ಬಬಲ್ ಒಳಗೇ, ಅಂದರೆ ಸೂರ್ಯನ ಸುತ್ತ ಜನ ನೆಲೆಸಿರುವ ಭಾಗದೊಳಗೇ, ಸಾಮಾನು ಸಾಗಿಸಿ ದುಡ್ಡು ಕೂಡಿಸಿದೆ. ಹೋದ ವಾರ ಆಸ್ಪ್ ಎಕ್ಸ್‌ಪ್ಲೋರರ್ ಎಂಬ ಹಡಗು ಕೊಂಡೆ, 66 ಲಕ್ಷ ಕ್ರೆಡಿಟ್ ಚಿಲ್ಲರೆ ಆಯಿತು. ಅದರ ಮುಂದಿನ ಗಾಜಿನಿಂದ ಕಾಣುವ ನೋಟಕ್ಕೇ ಮನಸ್ಸು ಸೋತಿತು. ಕಾಲ ಕೆಳಗೂ ಆಕಾಶ ಕಾಣುತ್ತದೆ.

ನನಗೆ ಎರಡು ಆಸೆ. ಒಂದು, ಕೊಲೋನಿಯಾಕ್ಕೆ ಹೋಗಬೇಕು. ಅದು ಜನ ನೆಲೆಸಿರುವ ದೂರದ ಇನ್ನೊಂದು ಜಾಗ, ಸೋಲ್‌ನಿಂದ ಅಂದರೆ ನಮ್ಮ ಸೂರ್ಯನಿಂದ ಸುಮಾರು 22,000 ಜ್ಯೋತಿರ್ವರ್ಷ. ಎರಡು, ಕಲ್ಲು ಒಡೆಯುವುದು. ಬಂಡೆಯ ಬಿರುಕಿಗೆ ಸಿಡಿಮದ್ದು ಹೊಡೆದು, ದೂರ ಸರಿದು, ಅದು ಸಿಡಿಯುವುದನ್ನು ನೋಡುವುದು ನನಗೆ ಈ ಆಟದಲ್ಲೇ ಅತಿ ಇಷ್ಟ. ಇವೆರಡನ್ನೂ ಒಂದೇ ಹಡಗಿನಲ್ಲಿ ಮಾಡಬೇಕು ಅಂತ ಆಸೆ.

ಇರುವ ದುಡ್ಡಿನಲ್ಲಿ ಸಿಕ್ಕಿದ್ದೆಲ್ಲ ಎ ದರ್ಜೆಯದ್ದೇ ಹಾಕಿದೆ. ಎಂಜಿನ್, ಸೆನ್ಸರ್, ಲೈಫ್ ಸಪೋರ್ಟ್, ಶೀಲ್ಡ್, ಎಲ್ಲವೂ ಎ. ಗಣಿ ಕೆಲಸಕ್ಕೆ ಬೇಕಾದ ಪುಟ್ಟ ಡ್ರೋನ್‌ಗಳು, ಅಂದರೆ ಲಿಂಪೆಟ್, 32 ತುಂಬಿಸಿದೆ. ಈಗ ನೋಡಿದರೆ ಜಂಪ್ ರೇಂಜ್, ಅಂದರೆ ಒಂದೇ ನೆಗೆತದಲ್ಲಿ ಹೋಗುವ ದೂರ, ಬರೀ 26 ಜ್ಯೋತಿರ್ವರ್ಷ. ಅಂದರೆ 850 ಜಂಪ್! ಎಲ್ಲಿ ತಪ್ಪಿದೆ?

—

ಅಲೆಮಾರಿ:

ಸ್ವಾಗತ ಗೆಳೆಯರೇ. ಎಲ್ಲವೂ ಎ ಹಾಕಿದ್ದೇ ತಪ್ಪು. ಇದನ್ನು ಎಲ್ಲರೂ ಒಮ್ಮೆ ಮಾಡುತ್ತಾರೆ. ಆಟದಲ್ಲಿ ಎಲ್ಲೂ ಬಿಡಿಸಿ ಹೇಳುವುದಿಲ್ಲ.

ಎ ಅಂದರೆ ಕೆಲಸದಲ್ಲಿ ಮೇಲು. ಡಿ ಅಂದರೆ ತೂಕದಲ್ಲಿ ಹಗುರ. ದೂರ ಹೋಗುವವನಿಗೆ ಬೇಕಾದದ್ದು ಡಿ. ನಿಮ್ಮ ಸೆನ್ಸರನ್ನೇ ತಗೊಳ್ಳಿ. ಆಸ್ಪ್‌ನದ್ದು 5ನೇ ಅಳತೆ. ಎ ದರ್ಜೆ 20 ಟನ್, ಡಿ ದರ್ಜೆ 8 ಟನ್. ಖಾಲಿ ಆಕಾಶದಲ್ಲಿ ದೂರದ ಶತ್ರುವನ್ನು ಹುಡುಕುವುದೇನಿದೆ? ಅಲ್ಲೇ 12 ಟನ್ ಉಳಿಯಿತು. ಎಂಜಿನ್, ಅಂದರೆ ಥ್ರಸ್ಟರ್‌ನಲ್ಲೂ ಅಷ್ಟೇ, 20ರಿಂದ 8ಕ್ಕೆ. ಲೈಫ್ ಸಪೋರ್ಟ್ 10ರಿಂದ 4ಕ್ಕೆ. ಶೀಲ್ಡ್ 3ನೇ ಅಳತೆಯ ಡಿ ಸಾಕು, 2 ಟನ್. ಅದಕ್ಕಿಂತ ಸಣ್ಣದು ಈ ಹಡಗಿನ ತೂಕ ತಾಳುವುದಿಲ್ಲ.

ಎ ದರ್ಜೆ ಇರಲೇಬೇಕಾದದ್ದು ಎರಡೇ. ಜಂಪ್ ಮಾಡಿಸುವ ಫ್ರೇಮ್ ಶಿಫ್ಟ್ ಡ್ರೈವ್, ಅಂದರೆ ಎಫ್‌ಎಸ್‌ಡಿ. ಆಮೇಲೆ ಪವರ್ ಪ್ಲಾಂಟ್. ಎ ದರ್ಜೆಯ ಪವರ್ ಪ್ಲಾಂಟ್ ಕಡಿಮೆ ಬಿಸಿಯಾಗುತ್ತದೆ. ನಕ್ಷತ್ರದ ಪಕ್ಕ ಇಂಧನ ಹೀರುವಾಗ ಇದರ ಬೆಲೆ ಗೊತ್ತಾಗುತ್ತದೆ. ಆದರೆ 5ನೇ ಅಳತೆಯದ್ದು ಬೇಡ, ವಿದ್ಯುತ್ ಸಾಲುವಷ್ಟಿದ್ದರೆ 4ನೇ ಅಳತೆಯ ಎ ಹಾಕಿ. ತೂಕ ಅರ್ಧಕ್ಕೆ ಇಳಿಯುತ್ತದೆ.

ಕೊರಿಯೊಲಿಸ್ ಇಲ್ಲವೇ ಇಡಿಎಸ್‌ವೈ ತಾಣದಲ್ಲಿ ಮೊದಲು ಕಾಗದದ ಮೇಲೆ ಜೋಡಿಸಿದ ಹಾಗೆ ಜೋಡಿಸಿ ನೋಡಿ. ಕ್ರೆಡಿಟ್ ಖರ್ಚಿಲ್ಲದೆ ಎಷ್ಟು ಸಲ ಬೇಕಾದರೂ ಬದಲಿಸಬಹುದು.

—

ಬಂಡೆಕಲ್ಲು:

ಅಲೆಮಾರಿ ಹೇಳಿದ್ದಕ್ಕೆ ಒಂದು ತಿದ್ದುಪಡಿ. ವಿದ್ಯುತ್ ಹಂಚುವ ಪವರ್ ಡಿಸ್ಟ್ರಿಬ್ಯೂಟರ್ ಬಗ್ಗೆ ಅವರು ಏನೂ ಬರೆದಿಲ್ಲ. ಬರೀ ಸುತ್ತಾಡುವವರು ಅದನ್ನೂ ಡಿ ಮಾಡಿ, ಅಳತೆಯನ್ನೂ ಇಳಿಸುತ್ತಾರೆ. ಗಣಿ ಕೆಲಸ ಮಾಡುವವರು ಹಾಗೆ ಮಾಡಬಾರದು. ಮೈನಿಂಗ್ ಲೇಸರ್ ಒಂದೇ ಸಮನೆ ಉರಿಯಬೇಕು. ಡಿಸ್ಟ್ರಿಬ್ಯೂಟರ್ ಸಣ್ಣದಾದರೆ ಲೇಸರ್ ಬೇಗ ನಿಂತು ಹೋಗುತ್ತದೆ. ಮತ್ತೆ ತುಂಬುವವರೆಗೆ ಕೈಕಟ್ಟಿ ಕೂರಬೇಕು. ಒಂದು ಬಂಡೆಗೆ ಪರವಾಗಿಲ್ಲ, ಇಡೀ ಸಂಜೆ ಹಾಗಾದರೆ ತಾಳ್ಮೆ ಕೆಡುತ್ತದೆ. 4ನೇ ಅಳತೆಯ ಎ ಡಿಸ್ಟ್ರಿಬ್ಯೂಟರ್ ಇರಲಿ. ಡಿಗಿಂತ 6 ಟನ್ ಜಾಸ್ತಿ, ಅದನ್ನು ಒಪ್ಪಿಕೊಳ್ಳಿ.

ಇನ್ನೊಂದು. ಪ್ರಯಾಣದಲ್ಲಿ ಲೇಸರ್, ಲಿಂಪೆಟ್ ಕಂಟ್ರೋಲರ್, ಅದಿರು ಸಂಸ್ಕರಿಸುವ ರಿಫೈನರಿ ಎಲ್ಲವನ್ನೂ ಬಲಗಡೆಯ ಪ್ಯಾನೆಲ್‌ನಿಂದ ಆಫ್ ಮಾಡಿಡಿ. ಬಿಸಿಯೂ ಕಡಿಮೆ, ಪವರ್ ಪ್ಲಾಂಟ್ ಸಣ್ಣದಿದ್ದರೂ ನಡೆಯುತ್ತದೆ. ರಿಂಗ್, ಅಂದರೆ ಗ್ರಹದ ಸುತ್ತಲ ಬಂಡೆಗಳ ಬಳೆ, ತಲುಪಿದ ಮೇಲೆ ಅವನ್ನು ಆನ್ ಮಾಡಿ, ಬೇಡದ್ದನ್ನು ಆಫ್ ಮಾಡಿದರಾಯಿತು.

—

ಹೊಸಪಯಣಿಗ:

ಇಬ್ಬರಿಗೂ ಥ್ಯಾಂಕ್ಸ್. ಕೂತು ಲೆಕ್ಕ ಹಾಕಿದೆ. ನೀವು ಹೇಳಿದ ಹಾಗೆ ಎಲ್ಲ ಬದಲಿಸಿದರೆ 26ರಿಂದ 29ರ ಹತ್ತಿರ ಬಂತು. ಆದರೂ ಒಂದು ಅನುಮಾನ ಉಳಿಯಿತು. ನಕ್ಷತ್ರದಿಂದ ಇಂಧನ ಹೀರುವ ಫ್ಯೂಯಲ್ ಸ್ಕೂಪ್, ರಿಫೈನರಿ ತೆಗೆದರೂ ಹಾಕಿದರೂ ರೇಂಜ್ ಬದಲಾಗುತ್ತಲೇ ಇಲ್ಲ. ನಾನು ತಪ್ಪು ನೋಡುತ್ತಿದ್ದೇನಾ?

—

ಬಂಡೆಕಲ್ಲು:

ಸರಿಯಾಗೇ ನೋಡಿದ್ದೀರಿ. ಫ್ಯೂಯಲ್ ಸ್ಕೂಪ್‌ಗೆ ತೂಕವಿಲ್ಲ. ರಿಫೈನರಿಗೂ ಇಲ್ಲ. ಖಾಲಿ ಕಾರ್ಗೋ ರ್ಯಾಕ್‌ಗೂ ಇಲ್ಲ. ಇವು ತಿನ್ನುವುದು ಸ್ಲಾಟ್ ಮತ್ತು ದುಡ್ಡನ್ನು.

ತೂಕ ಇರುವುದು ಎಲ್ಲಿ ಗೊತ್ತೇ? ನಿಮ್ಮ 32 ಲಿಂಪೆಟ್‌ನಲ್ಲಿ. ಒಂದಕ್ಕೆ ಒಂದು ಟನ್. ಕೊಲೋನಿಯಾವರೆಗೆ 32 ಟನ್ ಹೊತ್ತು ಹೋಗುವುದು ಯಾಕೆ? ಲಿಂಪೆಟ್ಟನ್ನು ಅಲ್ಲೇ ತಯಾರಿಸಬಹುದು. ಸಿಂಥೆಸಿಸ್ ಪಟ್ಟಿಯಲ್ಲಿ ನೋಡಿ: 10 ಕಬ್ಬಿಣ, 10 ನಿಕ್ಕಲ್ ಕೊಟ್ಟರೆ 4 ಲಿಂಪೆಟ್. ಇವೆರಡೂ ತೀರಾ ಸಾಮಾನ್ಯ ಸಾಮಗ್ರಿಗಳು, ಒಂದೊಂದನ್ನು 300ರವರೆಗೆ ಇಟ್ಟುಕೊಳ್ಳಬಹುದು. ಅಂದರೆ 30 ಸಲ ತಯಾರಿಸಬಹುದು, 120 ಲಿಂಪೆಟ್. ಈ ಸಾಮಗ್ರಿಗಳಿಗೆ ತೂಕವೇ ಇಲ್ಲ.

ಇಷ್ಟು ದೊಡ್ಡ ಅನುಕೂಲವನ್ನು ಜನ ಬಳಸುವುದೇ ಇಲ್ಲ. ಬುತ್ತಿ ಕಟ್ಟಿಕೊಂಡು ಹೊರಟ ಹಾಗೆ ಲಿಂಪೆಟ್ ತುಂಬಿಸಿಕೊಂಡು ಹೊರಡುತ್ತಾರೆ. ದಾರಿಯಲ್ಲೇ ಅಡುಗೆ ಮಾಡಿಕೊಳ್ಳಿ. ಕಬ್ಬಿಣ, ನಿಕ್ಕಲ್ ಯಾವ ಕಲ್ಲು ಗ್ರಹದ ಮೇಲೂ ಸಿಗುತ್ತದೆ. ಎಸ್‌ಆರ್‌ವಿ ಗಾಡಿ ಇಳಿಸಿ ಅರ್ಧ ಗಂಟೆ ಓಡಾಡಿದರೆ ಸಾಕಷ್ಟು ಕೈಗೆ ಬರುತ್ತದೆ.

—

ಹೊಸಪಯಣಿಗ:

ಇದು ನನಗೆ ಗೊತ್ತೇ ಇರಲಿಲ್ಲ. 28 ಲಿಂಪೆಟ್ ಮಾರಿ, ನಾಲ್ಕು ಇಟ್ಟುಕೊಂಡೆ. ರೇಂಜ್ 31 ದಾಟಿತು. ಇಷ್ಟು ಖುಷಿ ಈ ವಾರದಲ್ಲೇ ಆಗಿರಲಿಲ್ಲ.

ಈಗ ಸ್ಲಾಟ್ ಸಮಸ್ಯೆ. ಸಾಮಾನು ಕೂರಿಸಲು ಆಸ್ಪ್‌ನಲ್ಲಿ ಇರುವ ಜಾಗಗಳ ಅಳತೆ ಒಂದು 6, ಒಂದು 5, ಮೂರು 3, ಎರಡು 2, ಒಂದು 1. ನನಗೆ ಬೇಕಾದದ್ದು ಫ್ಯೂಯಲ್ ಸ್ಕೂಪ್, ಕಾರ್ಗೋ, ಶೀಲ್ಡ್, ತುಂಡು ಆರಿಸುವ ಕಲೆಕ್ಟರ್, ಬಂಡೆ ಪರೀಕ್ಷಿಸುವ ಪ್ರಾಸ್ಪೆಕ್ಟರ್, ರಿಫೈನರಿ, ಎಸ್‌ಆರ್‌ವಿ, ಸರ್ಫೇಸ್ ಸ್ಕ್ಯಾನರ್, ದುರಸ್ತಿ ಯಂತ್ರ. ಜೊತೆಗೆ ರೇಂಜ್ ಹೆಚ್ಚಿಸುವ ಗಾರ್ಡಿಯನ್ ಬೂಸ್ಟರ್ ಅಂತ ಒಂದಿದೆಯಂತೆ. ಎಂಟು ಜಾಗಕ್ಕೆ ಹತ್ತು ಸಾಮಾನು. ಯಾವ ಎರಡನ್ನು ಬಿಡಲಿ?

—

ಹಳೇಆಸ್ಪ್:

ನಾನು 2015ರಿಂದ ಆಡುತ್ತಿದ್ದೇನೆ. ಸ್ವಲ್ಪ ಕಟುವಾಗಿ ಹೇಳಿದರೆ ಬೇಸರ ಮಾಡಿಕೊಳ್ಳಬೇಡಿ. ಎರಡೂ ಕೆಲಸಕ್ಕೆ ಒಂದು ಹಡಗು ಬೇಡ.

ದೂರದ ಆಕಾಶದಲ್ಲಿ ಗಣಿಗೆ ಕೊರತೆಯಿಲ್ಲ, ಎಲ್ಲಿ ನೋಡಿದರೂ ಯಾರೂ ಮುಟ್ಟದ ರಿಂಗ್‌ಗಳೇ. ಆದರೆ ಮಾರಲು ಅಂಗಡಿ ಎಲ್ಲಿದೆ? 10,000 ಜ್ಯೋತಿರ್ವರ್ಷ ದೂರದಲ್ಲಿ 32 ಟನ್ ಪ್ಲಾಟಿನಂ ತೆಗೆದು ಏನು ಮಾಡುತ್ತೀರಿ? ಅದನ್ನು ಹೊತ್ತುಕೊಂಡು ಪ್ರತಿ ಜಂಪ್‌ನಲ್ಲೂ ಜ್ಯೋತಿರ್ವರ್ಷ ಕಳೆದುಕೊಳ್ಳುತ್ತೀರಿ. ಸುತ್ತಾಟದಲ್ಲಿ ದುಡ್ಡು ಬರುವುದು ಸ್ಕ್ಯಾನ್ ಮಾಡಿದ ಮಾಹಿತಿಯಿಂದ. ಅದಕ್ಕೆ ತೂಕವಿಲ್ಲ. ಭೂಮಿಯಂಥ ಗ್ರಹ, ನೀರಿನ ಗ್ರಹ, ಅಮೋನಿಯ ಗ್ರಹ, ಇವನ್ನು ಮೊದಲು ಕಂಡು ಪ್ರೋಬ್ ಹಾಕಿ ನಕ್ಷೆ ಮಾಡಿದರೆ ಒಳ್ಳೆ ಬೆಲೆ ಸಿಗುತ್ತದೆ. ಆಟದ ಒಡಿಸ್ಸಿ ವಿಸ್ತರಣೆ ಇದ್ದರೆ ಆರ್ಟೆಮಿಸ್ ಸೂಟ್ ಹಾಕಿಕೊಂಡು ಗಿಡಗಳ ಮಾದರಿ ತೆಗೆಯಿರಿ, ಅದಕ್ಕೆ ಇನ್ನೂ ಜಾಸ್ತಿ ಸಿಗುತ್ತದೆ.

ಗಣಿ ಸಾಮಾನೆಲ್ಲ ತೆಗೆಯಿರಿ. 5ನೇ ಸ್ಲಾಟ್‌ಗೆ ಗಾರ್ಡಿಯನ್ ಬೂಸ್ಟರ್ ಹಾಕಿ. ಒಂದೇ ಏಟಿಗೆ 10.5 ಜ್ಯೋತಿರ್ವರ್ಷ ಕೂಡುತ್ತದೆ. 2ನೇ ಸ್ಲಾಟ್‌ನಲ್ಲಿ ದುರಸ್ತಿ ಯಂತ್ರ. ನ್ಯೂಟ್ರಾನ್ ನಕ್ಷತ್ರದ ಬಾಲದಲ್ಲಿ ಹಾರಿ ನಾಲ್ಕು ಪಟ್ಟು ದೂರ ಜಂಪ್ ಮಾಡಿ. ಸ್ಪ್ಯಾನ್ಶ್ ತಾಣ ದಾರಿ ಹಾಕಿಕೊಡುತ್ತದೆ. ಎರಡು ಮೂರು ಸಂಜೆಯಲ್ಲಿ ಕೊಲೋನಿಯಾ ತಲುಪುತ್ತೀರಿ.

—

ರಾತ್ರಿಪಾಳಿ:

ಹಳೇಆಸ್ಪ್ ಅಣ್ಣ ಹೇಳಿದ ಲೆಕ್ಕವೆಲ್ಲ ಸರಿ. ಆದರೆ ಗಣಿಯನ್ನು ದುಡ್ಡಿನ ಲೆಕ್ಕದಲ್ಲೇ ಅಳೆದಿದ್ದಾರೆ, ಅದಕ್ಕೆ ನನ್ನ ತಕರಾರು.

ನಾನು ಫ್ಲೀಟ್ ಕ್ಯಾರಿಯರ್, ಅಂದರೆ ಬೇರೆ ಹಡಗುಗಳನ್ನೇ ಹೊತ್ತೊಯ್ಯುವ ದೊಡ್ಡ ಹಡಗು, ಇಟ್ಟುಕೊಂಡಿರುವವಳು. 500 ಕೋಟಿ ಕ್ರೆಡಿಟ್ ಕೂಡಿಸಲು ಎರಡು ವರ್ಷ ಹಿಡಿಯಿತು. ಅದು ಒಂದು ಜಂಪ್‌ಗೆ 500 ಜ್ಯೋತಿರ್ವರ್ಷ ಹೋಗುತ್ತದೆ, ಆದರೆ ಟ್ರಿಟಿಯಂ ಇಂಧನ ಕುಡಿಯುತ್ತದೆ. ಟ್ಯಾಂಕ್ 1000 ಟನ್ ಹಿಡಿಯುತ್ತದೆ. ಹೋದ ವರ್ಷ ಗ್ಯಾಲಕ್ಸಿಯ ಆಚೆ ಬದಿಗೆ ಹೊರಟಾಗ ನಾನು ಲೆಕ್ಕ ತಪ್ಪಿದೆ. ನಡುದಾರಿಯಲ್ಲಿ ಟ್ರಿಟಿಯಂ ಮುಗಿಯುತ್ತ ಬಂತು. ಸುತ್ತ ಸಾವಿರಾರು ಜ್ಯೋತಿರ್ವರ್ಷ ಒಂದು ನಿಲ್ದಾಣವಿಲ್ಲ. ಆಗ ಕಾಪಾಡಿದ್ದು ಮಂಜಿನ ರಿಂಗ್. ಹಿಮದ ರಿಂಗ್‌ಗೆ ಪ್ರೋಬ್ ಹಾಕಿದೆವು, ಟ್ರಿಟಿಯಂ ಹಾಟ್‌ಸ್ಪಾಟ್, ಅಂದರೆ ಅದು ಹೇರಳವಾಗಿರುವ ಜಾಗ, ಸಿಕ್ಕಿತು. ಮೂವರು ಗೆಳತಿಯರು ಸೇರಿ ನಾಲ್ಕು ರಾತ್ರಿ ಲೇಸರ್ ಹಿಡಿದು ಕೂತೆವು. ಒಂದು ಟನ್ ಕೂಡ ಮಾರಲಿಲ್ಲ. ಎಲ್ಲವೂ ಕ್ಯಾರಿಯರ್ ಹೊಟ್ಟೆಗೆ ಹೋಯಿತು. ಆ ನಾಲ್ಕು ರಾತ್ರಿಯನ್ನು ನಾನು ಯಾವ ಹೊಸ ಗ್ರಹಕ್ಕೂ ಬದಲಾಗಿ ಕೊಡುವುದಿಲ್ಲ.

ದೂರದಲ್ಲಿ ಗಣಿ ಕೆಲಸ ಮುಂದೆ ಹೋಗಲು ಮಾಡುವ ಕೆಲಸ. ಟ್ರಿಟಿಯಂ ಇರಬಹುದು, ಒಂದು ಜಂಪ್‌ನ ದೂರ ಹೆಚ್ಚಿಸುವ ಎಫ್‌ಎಸ್‌ಡಿ ಇಂಜೆಕ್ಷನ್‌ಗೆ ಬೇಕಾದ ಸಾಮಗ್ರಿ ಇರಬಹುದು. ಪ್ರಯಾಣ ತನ್ನ ಊಟವನ್ನು ತಾನೇ ದುಡಿದುಕೊಳ್ಳಬೇಕು.

ಹೊಸಪಯಣಿಗರಿಗೆ ಕ್ಯಾರಿಯರ್ ಇಲ್ಲ, ಗೊತ್ತು. ಆದರೆ ಅವರು ಹೊರಟಿರುವುದು ಕೊಲೋನಿಯಾಕ್ಕೆ. ಅಲ್ಲಿ ನಿಲ್ದಾಣಗಳಿವೆ, ಮಾರುಕಟ್ಟೆ ಇದೆ, ಜನ ಇದ್ದಾರೆ. ದಾರಿಯಲ್ಲಿ ಗಣಿ ಮಾಡಬೇಡಿ. ಅಲ್ಲಿ ತಲುಪಿದ ಮೇಲೆ ಮಾಡಿ. ಹತ್ತಿರದ ರಿಂಗ್ ಹುಡುಕಿ, ಲಿಂಪೆಟ್ ಅಲ್ಲೇ ತಯಾರಿಸಿ, ತೆಗೆದದ್ದನ್ನು ಅಲ್ಲೇ ಮಾರಿ. ಹೋಗುವಾಗ ಕಾರ್ಗೋ ಖಾಲಿ, ಆದ್ದರಿಂದ ತೂಕ ಸೊನ್ನೆ.

—

ಹಳೇಆಸ್ಪ್:

ರಾತ್ರಿಪಾಳಿ ಮೇಡಂ, ನಿಮ್ಮ ಮಾತು ಒಪ್ಪಿದೆ. ಕಾರ್ಗೋ ಖಾಲಿ ಇಟ್ಟು ಹೋಗುವ ವಿಚಾರ ನನ್ನ ತಲೆಗೆ ಹೊಳೆದಿರಲಿಲ್ಲ. ಆದರೂ ಬೂಸ್ಟರ್ ಬಿಡುವುದು ನನಗೆ ಮನಸ್ಸಿಗೆ ಬರುವುದಿಲ್ಲ. ಹೊಸಪಯಣಿಗರು ಕ್ರೈಟ್ ಫ್ಯಾಂಟಮ್‌ಗೆ ದುಡ್ಡು ಕೂಡಿಸುವವರೆಗೆ ಕಾಯಲಿ. ಸುಮಾರು 3.75 ಕೋಟಿ. ಅದರಲ್ಲಿ 5ನೇ ಅಳತೆಯ ಸ್ಲಾಟ್ ಮೂರಿವೆ. ಬೂಸ್ಟರ್, ಕಾರ್ಗೋ ಎರಡೂ ಕೂರುತ್ತವೆ. ಇಲ್ಲವಾದರೆ ಮ್ಯಾಂಡಲೇ. 2024ರಲ್ಲಿ ಬಂದ ಹಡಗು, ಸುತ್ತಾಟಕ್ಕೆಂದೇ ಮಾಡಿದ್ದು. ವೇಗ ಹೆಚ್ಚಿಸುವ ಹೊಸ ಎಸ್‌ಸಿಓ ಡ್ರೈವ್ ಹಾಕಿದರೆ ದೂರದ ಗ್ರಹಕ್ಕೆ ನಿಮಿಷಗಳಲ್ಲಿ ತಲುಪುತ್ತದೆ, ಹಳೆಯ ಹಡಗುಗಳ ಹಾಗೆ ಅಲುಗಾಡುವುದಿಲ್ಲ.

—

ಹೊಸಪಯಣಿಗ:

ಅಣ್ಣ, ಕಾಯುವುದಿಲ್ಲ. ಆಸ್ಪ್‌ನಲ್ಲೇ ಹೋಗುತ್ತೇನೆ. ಆ ಗಾಜಿನ ಮುಂದೆ ಕೂತೇ ಹೋಗಬೇಕು.

ರಾತ್ರಿಪಾಳಿ ಅಕ್ಕನ ಮಾತು ಹಿಡಿದು ಹೀಗೆ ಜೋಡಿಸಿದ್ದೇನೆ. 6ರಲ್ಲಿ ಫ್ಯೂಯಲ್ ಸ್ಕೂಪ್. 6ಎ ಸ್ಕೂಪ್‌ನ ಬೆಲೆ ನೋಡಿ ಗಾಬರಿಯಾಯಿತು, 2.87 ಕೋಟಿ! ಹಡಗಿನ ನಾಲ್ಕು ಪಟ್ಟು. 6ಬಿ ಸುಮಾರು 72 ಲಕ್ಷಕ್ಕೆ ಸಿಕ್ಕಿತು, ಹೀರುವ ವೇಗ ಅಷ್ಟೇನೂ ಕಡಿಮೆಯಿಲ್ಲ. 5ರಲ್ಲಿ 32 ಟನ್ ಕಾರ್ಗೋ. ಮೂರು 3ರಲ್ಲಿ ಶೀಲ್ಡ್, ಕಲೆಕ್ಟರ್, ಪ್ರಾಸ್ಪೆಕ್ಟರ್. 2ರಲ್ಲಿ ರಿಫೈನರಿ, ಇನ್ನೊಂದು 2ರಲ್ಲಿ ಎಸ್‌ಆರ್‌ವಿ. 1ರಲ್ಲಿ ಸರ್ಫೇಸ್ ಸ್ಕ್ಯಾನರ್. ಬೂಸ್ಟರ್ ಇಲ್ಲ, ದುರಸ್ತಿ ಯಂತ್ರವೂ ಇಲ್ಲ.

ದುರಸ್ತಿ ಯಂತ್ರ ಇಲ್ಲದೆ ನ್ಯೂಟ್ರಾನ್ ನಕ್ಷತ್ರ ಬಳಸಬಹುದಾ?

—

ಅಲೆಮಾರಿ:

ಬೇಡ. ಪ್ರತಿ ಸಲ ಆ ಬಾಲದೊಳಗೆ ಹೊಕ್ಕಾಗ ಎಫ್‌ಎಸ್‌ಡಿಗೆ ಸ್ವಲ್ಪ ಪೆಟ್ಟು ಬೀಳುತ್ತದೆ. ದುರಸ್ತಿ ಯಂತ್ರ ಇದ್ದರೆ ಸರಿ ಮಾಡಿಕೊಳ್ಳಬಹುದು. ಇಲ್ಲದಿದ್ದರೆ ಪೆಟ್ಟು ಕೂಡುತ್ತಲೇ ಹೋಗುತ್ತದೆ. ಬಿಳಿ ಕುಬ್ಜ ನಕ್ಷತ್ರಗಳಂತೂ ಬೇಡವೇ ಬೇಡ. ಸಿಗುವುದು ಒಂದೂವರೆ ಪಟ್ಟು, ಅಪಾಯ ಮಾತ್ರ ಜಾಸ್ತಿ. ಇನ್ನೊಂದು ಗಮನಿಸಿ, ನ್ಯೂಟ್ರಾನ್ ನಕ್ಷತ್ರದಿಂದ ಇಂಧನ ಹೀರಲು ಆಗುವುದಿಲ್ಲ. ಅದನ್ನು ಮರೆತು ಸಿಕ್ಕಿಬಿದ್ದವರು ಬಹಳ.

ನಿಧಾನವಾಗಿ ಸಾಮಾನ್ಯ ದಾರಿಯಲ್ಲೇ ಹೋಗಿ. ಗ್ಯಾಲಕ್ಸಿ ಮ್ಯಾಪ್‌ನಲ್ಲಿ ಕೆ, ಜಿ, ಬಿ, ಎಫ್, ಓ, ಎ, ಎಂ ಈ ಏಳು ಬಗೆಯ ನಕ್ಷತ್ರಗಳನ್ನು ಮಾತ್ರ ಆರಿಸಿ ದಾರಿ ಹಾಕಿ. ಇವುಗಳಿಂದ ಮಾತ್ರ ಇಂಧನ ಸಿಗುತ್ತದೆ. ಕಂದು ಕುಬ್ಜಗಳಿಂದ ಸಿಗುವುದಿಲ್ಲ. ಟ್ಯಾಂಕ್ ಅರ್ಧಕ್ಕೆ ಇಳಿದಾಗಲೇ ತುಂಬಿಸಿ, ಕೊನೆಯವರೆಗೆ ಕಾಯಬೇಡಿ.

ಹಾಗೂ ಇಂಧನ ಮುಗಿದರೆ ಹಡಗನ್ನು ಸ್ಫೋಟಿಸಬೇಡಿ. ಆಟದಿಂದ ಹೊರಗೆ ಬನ್ನಿ, ಫ್ಯೂಯಲ್ ರ್ಯಾಟ್ಸ್ ತಂಡಕ್ಕೆ ತಿಳಿಸಿ. 2015ರಿಂದ ಆಟಗಾರರೇ ನಡೆಸುತ್ತಿರುವ ತಂಡ. ಒಂದು ಕ್ರೆಡಿಟ್ ಕೂಡ ತಗೊಳ್ಳದೆ ಬಂದು ಇಂಧನ ಕೊಟ್ಟು ಹೋಗುತ್ತಾರೆ. ನನಗೂ ಒಮ್ಮೆ ಕೊಟ್ಟಿದ್ದಾರೆ. ನಡುರಾತ್ರಿಯಲ್ಲಿ, ಎಲ್ಲಿಯೋ ದೂರದ ದೇಶದ ಗೊತ್ತಿಲ್ಲದ ಒಬ್ಬರು ನನಗಾಗಿ ಒಂದು ಗಂಟೆ ಪ್ರಯಾಣ ಮಾಡಿ ಬಂದರು. ಆ ಉಪಕಾರ ಮರೆಯುವಂಥದ್ದಲ್ಲ.

—

ಕೃತ್ತಿಕೆ:

ಹೊಸಪಯಣಿಗರೇ, ನೇರ ಕೊಲೋನಿಯಾಕ್ಕೆ ಹೊರಡಬೇಡಿ. ಮೊದಲು ಕೃತ್ತಿಕೆಗೆ ಹೋಗಿ ಬನ್ನಿ.

ಆಟದಲ್ಲಿ ಪ್ಲಿಯಡೀಸ್ ಅಂತ ಇರುವುದು ನಮ್ಮ ಕೃತ್ತಿಕಾ ನಕ್ಷತ್ರವೇ. ಸೋಲ್‌ನಿಂದ 400 ಜ್ಯೋತಿರ್ವರ್ಷದ ಆಸುಪಾಸು. ಆಕಾಶದಲ್ಲಿ ರೋಹಿಣಿ ಅದರ ಪಕ್ಕದಲ್ಲೇ ಕಾಣುತ್ತದಲ್ಲ, ಹಾಗೇ ಆಟದಲ್ಲೂ ಆ ದಿಕ್ಕಿಗೇ ಹೋಗುವಾಗ ರೋಹಿಣಿ ಸಿಗುತ್ತದೆ. ಅಲ್ಡೆಬರಾನ್ ಅಂತ ಹುಡುಕಿ, ಸೋಲ್‌ನಿಂದ 65 ಜ್ಯೋತಿರ್ವರ್ಷ. ಕಿತ್ತಳೆ ಬಣ್ಣದ ದೈತ್ಯ, ಕೆ ಬಗೆಯದ್ದು. ನಮ್ಮಜ್ಜ "ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ" ಅಂತ ಹೇಳುತ್ತಿದ್ದರು. ಬಿತ್ತನೆ ಲೆಕ್ಕವೆಲ್ಲ ಈ ನಕ್ಷತ್ರಗಳ ಮೇಲೇ. ನಾನು ಮೊದಲ ಸಲ ರೋಹಿಣಿಯ ಪಕ್ಕ ನಿಂತು ಇಂಧನ ಹೀರಿದಾಗ ಕಣ್ಣು ತುಂಬಿ ಬಂದಿತ್ತು. ಅಜ್ಜ ಇದ್ದಿದ್ದರೆ ತೋರಿಸುತ್ತಿದ್ದೆ.

ಇನ್ನು ಕೆಲಸದ ಮಾತು. ಕೃತ್ತಿಕೆಯಲ್ಲಿ ಮೆರೋಪಿ ಅಂತ ಒಂದು ನಕ್ಷತ್ರ. ಅದರ 5 ಸಿ ಉಪಗ್ರಹದ ಮೇಲೆ ಥಾರ್ಗಾಯ್ಡ್ ಎಂಬ ಅನ್ಯಗ್ರಹ ಜೀವಿಗಳ ಬಾರ್ನಕಲ್ ಎಂಬ ಬೆಳವಣಿಗೆ ಇದೆ. ಎಸ್‌ಆರ್‌ವಿ ಇಳಿಸಿ ಅದಕ್ಕೆ ಗುಂಡು ಹೊಡೆದರೆ ಮೆಟಾ ಅಲಾಯ್ ಎಂಬ ಲೋಹ ಉದುರುತ್ತದೆ. ಒಂದೇ ಒಂದು ಸಾಕು. ಅದನ್ನು ಡೆಸಿಯಾಟ್‌ನಲ್ಲಿರುವ ಫೆಲಿಸಿಟಿ ಫಾರ್‌ಸೀರ್ ಎಂಬ ಎಂಜಿನಿಯರ್‌ಗೆ ಕೊಡಿ. ಅನ್ವೇಷಣೆಯಲ್ಲಿ ಸ್ಕೌಟ್ ಪದವಿ ಇದ್ದರೆ ಅವರು ಕರೆಯುತ್ತಾರೆ, ಈ ಪ್ರಯಾಣದಲ್ಲೇ ನಿಮಗೆ ಅದು ಸಿಕ್ಕಿಬಿಡಬಹುದು. ಎಫ್‌ಎಸ್‌ಡಿಯನ್ನು 5ನೇ ದರ್ಜೆಯವರೆಗೆ ಅವರು ಸುಧಾರಿಸಿ ಕೊಟ್ಟರೆ ನಿಮ್ಮ 31 ಹೋಗಿ 48 ಆಗುತ್ತದೆ.

ಡೆಸಿಯಾಟ್‌ಗೆ ಹೋಗುವಾಗ ಎಲ್ಲ ಆಟಗಾರರೂ ಇರುವ ಓಪನ್‌ನಲ್ಲಿ ಬೇಡ, ಒಬ್ಬರೇ ಆಡುವ ಸೋಲೋದಲ್ಲಿ ಹೋಗಿ. ಹೊಸಬರನ್ನು ಕಾದು ಹೊಡೆಯುವವರು ಅಲ್ಲಿ ಇರುತ್ತಾರೆ.

—

ಬಂಡೆಕಲ್ಲು:

ಒಳ್ಳೆ ಸಲಹೆ. ಇದರಲ್ಲಿ ಇನ್ನೊಂದು ಲಾಭವಿದೆ. 400 ಜ್ಯೋತಿರ್ವರ್ಷದಲ್ಲಿ ಹಡಗಿನ ಎಲ್ಲ ಗುಣ, ಎಲ್ಲ ಕುಂದು ಗೊತ್ತಾಗುತ್ತದೆ. ಬಟನ್ ಎಲ್ಲಿ ಇಟ್ಟಿದ್ದೀರಿ, ಯಾವುದು ಬಿಸಿಯಾಗುತ್ತದೆ, ಎಸ್‌ಆರ್‌ವಿ ಹತ್ತಿಸಿಕೊಳ್ಳುವುದು ಹೇಗೆ, ಎಲ್ಲ ಅಲ್ಲೇ ತಿಳಿಯಲಿ. ದಾರಿಯಲ್ಲಿ ಒಂದು ರಿಂಗ್‌ನಲ್ಲಿ ಗಣಿಯನ್ನೂ ಮಾಡಿ ನೋಡಿ.

ಕಲ್ಲು ಒಡೆಯುವ ಬಗ್ಗೆ ಒಂದೆರಡು ಮಾತು, ಯಾಕೆಂದರೆ ಇದು ನನ್ನ ಇಷ್ಟದ ವಿಷಯ. ಆಸ್ಪ್‌ಗೆ ಆಯುಧ, ಲೇಸರ್ ಕೂರಿಸುವ ಹಾರ್ಡ್‌ಪಾಯಿಂಟ್ ಮಧ್ಯಮ ಅಳತೆಯದ್ದು ಎರಡು, ಸಣ್ಣದು ನಾಲ್ಕು. ಸಿಡಿಮದ್ದು ಹಾರಿಸುವ ಸೈಸ್ಮಿಕ್ ಚಾರ್ಜ್ ಲಾಂಚರ್ ಮಧ್ಯಮಕ್ಕಿಂತ ಸಣ್ಣದು ಸಿಗುವುದೇ ಇಲ್ಲ, ಒಂದು ಜಾಗ ಅದಕ್ಕೆ. ಇನ್ನೊಂದಕ್ಕೆ ಮೈನಿಂಗ್ ಲೇಸರ್. ಬಂಡೆಗೆ ಅಂಟಿದ ತುಂಡು ಕೆರೆದು ಬಿಡಿಸುವ ಅಬ್ರೇಷನ್ ಬ್ಲಾಸ್ಟರ್ ಸಣ್ಣದರಲ್ಲಿ. ಒಳ್ಳೆ ಬಂಡೆ ಹುಡುಕಿಕೊಡುವ ಪಲ್ಸ್ ವೇವ್ ಅನಲೈಸರ್‌ಗೆ ಯುಟಿಲಿಟಿ ಜಾಗ. ಅದರ ಪಕ್ಕ ಬಿಸಿ ಹೊರಹಾಕುವ ಒಂದು ಹೀಟ್ ಸಿಂಕ್ ಹಾಕಿ. ಎರಡು ನಕ್ಷತ್ರ ಒಂದಕ್ಕೊಂದು ಅಂಟಿಕೊಂಡ ಹಾಗಿರುವ ಕಡೆ ಜಂಪ್ ಮಾಡಿ ಇಳಿದಾಗ ಅದೇ ಕಾಪಾಡುವುದು.

ಅನಲೈಸರ್ ಅಲೆ ಬಿಟ್ಟಾಗ ಎಲ್ಲ ಬಂಡೆಗಳೂ ಅಷ್ಟಿಷ್ಟು ಹೊಳೆಯುತ್ತವೆ. ಮೊದಮೊದಲು ಎಲ್ಲವೂ ಒಂದೇ ಥರ ಕಾಣುತ್ತದೆ. ಒಳಗೆ ತಿರುಳು ಇರುವ ಬಂಡೆ ಬೆಂಕಿ ಹಚ್ಚಿದ ಹಾಗೆ ಹಳದಿ ಕಾಣುತ್ತದೆ, ಮೇಲೆ ಕಪ್ಪು ಬಿರುಕುಗಳು. ಆ ಆಕಾರ ಕಣ್ಣಿಗೆ ರೂಢಿಯಾಗಲು ಎರಡು ಸಂಜೆ ಬೇಕು. ಪ್ರಾಸ್ಪೆಕ್ಟರ್ ಹೊಡೆದು ಖಚಿತ ಮಾಡಿಕೊಳ್ಳಿ. ಬಿರುಕುಗಳಲ್ಲಿ ಯಾವುದು ಮೆತ್ತಗೆ, ಯಾವುದು ಗಟ್ಟಿ ಅಂತ ಬರೆದು ತೋರಿಸುತ್ತದೆ. ಬಟನ್ ಒತ್ತಿ ಹಿಡಿದಷ್ಟೂ ಚಾರ್ಜ್‌ನ ಬಲ ಹೆಚ್ಚು. ಮೀಟರ್ ನೀಲಿ ಪಟ್ಟೆಯೊಳಗೆ ನಿಲ್ಲಬೇಕು. ಅದು ಮೀರಿದರೆ ಒಳಗಿನ ಸರಕೂ ಪುಡಿಯಾಗುತ್ತದೆ. ಸಾಲದಿದ್ದರೆ ಬಂಡೆ ಒಡೆಯುವುದೇ ಇಲ್ಲ.

ಕಲೆಕ್ಟರ್ ಲಿಂಪೆಟ್ ಬಿಡುವಾಗ ಏನನ್ನೂ ಟಾರ್ಗೆಟ್ ಮಾಡಿರಬಾರದು. ಟಾರ್ಗೆಟ್ ಮಾಡಿ ಬಿಟ್ಟರೆ ಅದೊಂದನ್ನು ತಂದು ಸತ್ತು ಹೋಗುತ್ತದೆ. ಸುಮ್ನೆ ಬಿಟ್ಟರೆ ಆಯಸ್ಸು ಮುಗಿಯುವವರೆಗೆ ತಾನೇ ಹುಡುಕಿ ತರುತ್ತಿರುತ್ತದೆ. ನೀವು ಲಿಂಪೆಟ್ ಕೈಯಾರೆ ತಯಾರಿಸುವವರು, ನಿಮಗೆ ಇದು ಮುಖ್ಯ.

—

ಬೆಟ್ಟದಹೂ:

ಇಲ್ಲಿಯವರೆಗೆ ಓದುತ್ತಿದ್ದೆ, ಒಂದು ವಿಷಯ ಯಾರೂ ಹೇಳಲಿಲ್ಲ ಅಂತ ಬರೆಯುತ್ತಿದ್ದೇನೆ. ಗುರುತ್ವ.

ಮೂರು ವಾರ ಸುತ್ತಾಡಿ ಮಾಹಿತಿ ಕೂಡಿಸಿದ್ದೆ. ಇನ್ನೂರಕ್ಕೂ ಹೆಚ್ಚು ಗ್ರಹಗಳ ಮೇಲೆ ಮೊದಲು ಕಂಡವಳು ಅಂತ ನನ್ನ ಹೆಸರು ಬರಬೇಕಿತ್ತು. ಒಂದು ಚೆಂದದ ಕೆಂಪು ಗ್ರಹ ಕಂಡಿತು, ಇಳಿಯೋಣ ಅಂತ ಹೊರಟೆ. ಅದರ ಗುರುತ್ವ 3 ಜಿ ದಾಟಿತ್ತು. ನಾನು ನೋಡಿರಲಿಲ್ಲ. ಡಿ ದರ್ಜೆಯ ಥ್ರಸ್ಟರ್, ತೂಕ ಉಳಿಸಲು ಶೀಲ್ಡ್ ತೆಗೆದಿದ್ದೆ. ಹಡಗು ಕಲ್ಲಿನ ಹಾಗೆ ಬಿತ್ತು. ಹಡಗಿನ ವಿಮೆ ಬೆಲೆಯ 5 ಶೇಕಡ, ಅದು ಹೋದರೆ ಹೋಗಲಿ. ಆದರೆ ಮಾರದೆ ಇದ್ದ ಮಾಹಿತಿ ಪೂರ್ತಿ ಹೋಯಿತು. ಅದನ್ನು ಯಾವ ವಿಮೆಯೂ ತಂದು ಕೊಡುವುದಿಲ್ಲ. ಆ ರಾತ್ರಿ ನಿದ್ದೆ ಬರಲಿಲ್ಲ, ಒಂದು ತಿಂಗಳು ಆಟ ಮುಟ್ಟಲಿಲ್ಲ.

ಆದ್ದರಿಂದ ಶೀಲ್ಡ್ ಇರಲೇಬೇಕು. ಇಳಿಯುವ ಮೊದಲು ಸಿಸ್ಟಮ್ ಮ್ಯಾಪ್‌ನಲ್ಲಿ ಗುರುತ್ವ ನೋಡಿ. ಒಂದು ಜಿ ದಾಟಿದರೆ ಮೂತಿ ಕೆಳಗೆ ಮಾಡಿ ಇಳಿಯಬೇಡಿ, ಹೊಟ್ಟೆ ನೆಲಕ್ಕೆ ಸಮನಾಗಿ ಇಟ್ಟು ನಿಧಾನವಾಗಿ ಇಳಿಯಿರಿ. ಲಿಂಪೆಟ್‌ಗೆ ಕಬ್ಬಿಣ ಬೇಕಾದರೆ ಸಣ್ಣ ಗುರುತ್ವದ ಗ್ರಹಗಳು ಬೇಕಾದಷ್ಟಿವೆ.

ಕೊಲೋನಿಯಾ ದಾರಿಯಲ್ಲಿ ನಡುನಡುವೆ ನಿಲ್ದಾಣಗಳಿವೆ. ಸಿಕ್ಕ ಕಡೆಯೆಲ್ಲ ಇಳಿದು ಮಾಹಿತಿ ಮಾರಿಬಿಡಿ. ಹಡಗಿನ ದುರಸ್ತಿಯೂ ಆಗುತ್ತದೆ. ನಿಮ್ಮ ಹತ್ತಿರ ದುರಸ್ತಿ ಯಂತ್ರ ಬೇರೆ ಇಲ್ಲ ಅಲ್ವಾ?

—

ಹೊಸಪಯಣಿಗ:

ಎಂಟು ದಿನದ ನಂತರ ಬರೆಯುತ್ತಿದ್ದೇನೆ. ಎಲ್ಲರ ಮಾತೂ ಕೇಳಿದೆ.

ಕೃತ್ತಿಕೆ ಅಕ್ಕ, ರೋಹಿಣಿಯನ್ನು ನೋಡಿದೆ. ನಮ್ಮ ತಂದೆಯನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡು ತೋರಿಸಿದೆ. ಅವರು ಆಟ ನೋಡುವವರಲ್ಲ. ಆದರೆ ಸುಮಾರು ಹೊತ್ತು ನೋಡಿ, "ಇಷ್ಟು ದೊಡ್ಡದಾ ಇದು?" ಅಂತ ಕೇಳಿದರು. ಆಮೇಲೆ ಆರಿದ್ರೆ ಎಲ್ಲಿದೆ ಅಂತ ಅವರೇ ಕೇಳಿದರು. ಗ್ಯಾಲಕ್ಸಿ ಮ್ಯಾಪ್‌ನಲ್ಲಿ ಬೀಟಲ್‌ಜ್ಯೂಸ್ ಹುಡುಕಿ ತೋರಿಸಿದೆ. ಒಂದು ದಿನ ಅಲ್ಲಿಗೂ ಕರೆದುಕೊಂಡು ಹೋಗುತ್ತೇನೆ ಅಂತ ಹೇಳಿದ್ದೇನೆ.

ಮೆಟಾ ಅಲಾಯ್ ಸಿಕ್ಕಿತು. ಬಾರ್ನಕಲ್ ಹುಡುಕಲು ರಾತ್ರಿಯೆಲ್ಲ ಹಿಡಿಯಿತು. ಉಪಗ್ರಹದ ಕತ್ತಲ ಬದಿಯಲ್ಲಿ ಇಳಿದಿದ್ದೆ, ಬೆಳಕು ಬರುವವರೆಗೆ ಏನೂ ಕಾಣಲಿಲ್ಲ. ಫಾರ್‌ಸೀರ್ ಹತ್ತಿರ ಹೋಗಿ ಎಫ್‌ಎಸ್‌ಡಿ ಮಾಡಿಸಿದೆ. ಐದನೇ ದರ್ಜೆಗೆ ಬೇಕಾದ ಸಾಮಗ್ರಿ ಕೂಡಿಸಲು ಇನ್ನೂ ಮೂರು ದಿನ ಹಿಡಿಯಿತು. ಈಗ ರೇಂಜ್ 48. ಕೊಲೋನಿಯಾಕ್ಕೆ 460 ಜಂಪ್. 850 ಎಲ್ಲಿ, 460 ಎಲ್ಲಿ!

ಇವತ್ತು ಹೊರಟೆ.

—

ಹಳೇಆಸ್ಪ್:

ಬೂಸ್ಟರ್ ಇಲ್ಲದೆಯೂ 48 ಬಂತಲ್ಲ, ಭೇಷ್. ಹೋಗಿ ಬನ್ನಿ.

—

ಹೊಸಪಯಣಿಗ:

ಮೂರು ವಾರ ಆಯಿತು. ನಡುವೆ ನಾಲ್ಕು ದಿನ ಮನೆಯಲ್ಲಿ ಇಂಟರ್ನೆಟ್ ಇರಲಿಲ್ಲ. ಒಬ್ಬರೇ ಆಡಿದರೂ ಈ ಆಟಕ್ಕೆ ನೆಟ್ ಬೇಕೇ ಬೇಕು. ಒಂದು ಮಂಜುಗಡ್ಡೆ ಉಪಗ್ರಹದ ಮೇಲೆ ಹಡಗು ನಿಲ್ಲಿಸಿದ್ದೆ, ನೆಟ್ ಬಂದಾಗ ಅಲ್ಲೇ ಇತ್ತು.

ಕೊಲೋನಿಯಾ ತಲುಪಿದೆ. 212 ಹೊಸ ಗ್ರಹಗಳ ಮಾಹಿತಿ ಮಾರಿದೆ. ಅದರಲ್ಲಿ ಒಂದು ಅಮೋನಿಯ ಗ್ರಹ.

ಬೆಟ್ಟದಹೂ ಅವರು ಹೇಳಿದ ಹಾಗೆ ಪ್ರತಿ ಸಲ ಗುರುತ್ವ ನೋಡಿಯೇ ಇಳಿದೆ. ಒಂದು ಗ್ರಹ 2.6 ಜಿ ಇತ್ತು, ಬಿಟ್ಟು ಮುಂದೆ ಹೋದೆ. ಕಬ್ಬಿಣ 280, ನಿಕ್ಕಲ್ 260 ಕೂಡಿತು. ಕೊಲೋನಿಯಾದಿಂದ ಎರಡು ಜಂಪ್ ದೂರದಲ್ಲಿ ಹಿಮದ ರಿಂಗ್ ಸಿಕ್ಕಿತು. ಪ್ರೋಬ್ ಹಾಕಿದಾಗ ಲೋ ಟೆಂಪರೇಚರ್ ಡೈಮಂಡ್ ಹಾಟ್‌ಸ್ಪಾಟ್ ಎರಡು ಕಂಡವು. ರಿಂಗ್ ಹತ್ತಿರ ನಿಂತು ಲಿಂಪೆಟ್ ತಯಾರಿಸಿದೆ, ನಾಲ್ಕು, ಇನ್ನೂ ನಾಲ್ಕು, ಹೀಗೆ ಇಪ್ಪತ್ತು. ಮೊದಲ ಬಂಡೆಯನ್ನು ಹೆಚ್ಚು ಮದ್ದು ಹಾಕಿ ಪುಡಿ ಮಾಡಿದೆ. ಎರಡನೆಯದು ನೀಲಿ ಪಟ್ಟೆಯ ನಡುವೆಯೇ ನಿಂತಿತು. ಬಂಡೆ ಹೂವಿನ ಹಾಗೆ ಬಿರಿಯಿತು. ಲಿಂಪೆಟ್‌ಗಳು ಒಂದೊಂದೇ ತುಂಡು ಹೊತ್ತು ತರುವುದನ್ನು ಗಾಜಿನಿಂದ ನೋಡುತ್ತ ಕೂತೆ.

ಈಗ ಕಾರ್ಗೋದಲ್ಲಿ 14 ಟನ್ ವಜ್ರ ಇದೆ. ರೇಂಜ್ 46ಕ್ಕೆ ಇಳಿದಿದೆ. ರಾತ್ರಿಪಾಳಿ ಅಕ್ಕ, ನಿಮ್ಮ ಕ್ಯಾರಿಯರ್ ಈ ಕಡೆ ಬರುವುದಿದ್ದರೆ ತಿಳಿಸಿ, ಟ್ರಿಟಿಯಂ ಹಾಟ್‌ಸ್ಪಾಟ್ ಕೂಡ ಇದೇ ರಿಂಗ್‌ನಲ್ಲಿದೆ.

—

ರಾತ್ರಿಪಾಳಿ:

ಮುಂದಿನ ತಿಂಗಳು ಬರುತ್ತೇವೆ. ಆ ಗ್ರಹದ ಹೆಸರು ಬರೆದಿಡಿ.